ಬಾನಿನಲ್ಲಿ ನಿಂತ ಎಂಜಿನ್ನು

ದಾರಿಯಲ್ಲಿ ಗಾಡಿ ನಿಂತರೆ ಇಳಿದು ತಳ್ಳಬಹುದು. ನಡುನೀರಿನಲ್ಲಿ ದೋಣಿಯ ಯಂತ್ರ ನಿಂತರೆ ಹುಟ್ಟುಹಾಕಿ ದಡ ಸೇರಬಹುದು. ಆಕಾಶದಲ್ಲಿ ನಿಂತ ಎಂಜಿನ್ನಿಗೆ ಇಂತಹ ಆಪದ್ಧರ್ಮ ಯಾವುದೂ ಇಲ್ಲ. ಅದು ನಿಂತ ಗಳಿಗೆಯಿಂದ ವಿಮಾನದ ಪಾಲಿಗೆ ಉಳಿಯುವ ಬಂಡವಾಳವೆಂದರೆ ತಾನು ಅದುವರೆಗೆ ಏರಿದ ಎತ್ತರವೊಂದೇ. ಆ ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ವೆಚ್ಚಮಾಡಿ ವೇಗವನ್ನು ಕೊಳ್ಳುತ್ತ, ಆ ವೇಗದಿಂದ ರೆಕ್ಕೆಗೆ ಆಧಾರವನ್ನು ಒದಗಿಸುತ್ತ, ಹೇಗೋ ನೆಲ ಮುಟ್ಟಬೇಕು. ನೂರಾರು ಪ್ರಯಾಣಿಕರನ್ನು ಹೊತ್ತ ಮಹಾವಿಮಾನಕ್ಕೂ, ವಿದ್ಯಾರ್ಥಿಯೊಬ್ಬನು ಬಾಲ್ಸಾ ಮರದ ತೆಳುಹಲಗೆಗಳನ್ನು ಅಂಟಿಸಿ ಮಾಡಿದ ಐದಡಿ ರೆಕ್ಕೆಯ ಮಾದರಿ ವಿಮಾನಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಒಂದರಲ್ಲಿ ಪ್ರಾಣವಿದೆ, ಇನ್ನೊಂದರಲ್ಲಿ ಇಲ್ಲ ಎಂದು ಹೇಳಿ ಎರಡನೆಯದನ್ನು ಆಟಿಕೆಯೆಂದು ತಳ್ಳಿಹಾಕುವವರು, ಎರಡು ಕಿಲೋಗ್ರಾಂ ತೂಕದ ವಸ್ತುವೊಂದು ಮುಂಭಾಗದಲ್ಲಿ ಲೋಹದ ಎಂಜಿನ್ನನ್ನು ಕಟ್ಟಿಕೊಂಡು ತಲೆಯ ಮೇಲೆ ಇಳಿದುಬರುವುದನ್ನು ಕಂಡವರಲ್ಲ.

ಬೆಂಗಳೂರಿಗೂ ವಿಮಾನವಿದ್ಯೆಗೂ ಇರುವ ನಂಟು ಹಳೆಯದು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಇಲ್ಲಿ ತೆರೆದರು. 1951ರಲ್ಲಿ ಇಲ್ಲಿಯೇ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ ಹಾರಿತು. ಇದೆಲ್ಲ ನಗರದ ಪೂರ್ವಭಾಗದ ವೈಭವ. ಪಶ್ಚಿಮಭಾಗಕ್ಕೆ, ಎಂದರೆ ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯಗಳಿಗೆ ಒದಗಿದ್ದು ಲೇತು, ಮಿಲ್ಲಿಂಗ್ ಯಂತ್ರ, ಗರಗಸ, ಅರಗಳ ಬಾಳು. ವಿಮಾನವು ಇಲ್ಲಿ ಹುಟ್ಟಲಿಲ್ಲ; ಆದರೆ ಯಾವ ಯಂತ್ರಕ್ಕಾದರೂ ಬೇಕಾಗುವ ಬುಶ್ಶು, ಪಿನ್ನು, ಗಾಲಿಗಳನ್ನು ತಿರುಗಿಸಿ ಕೊಡಬಲ್ಲ ಕೈಗಳು ಈ ಬೀದಿಗಳಲ್ಲಿ ಮನೆಗೊಬ್ಬರಂತೆ ಇದ್ದವು. ಈಗಲೂ ಮಾಗಡಿ ರಸ್ತೆಯ ಅಡ್ಡಬೀದಿಗಳಲ್ಲಿ ನಡೆದುಹೋಗುವವನಿಗೆ ಲೋಹ ಕೊರೆಯುವ ಸದ್ದು ಕಿವಿಗೆ ಬೀಳದೆ ಇರದು.

ಅಂತಹ ಕೈಗಳುಳ್ಳ ವೃದ್ಧರೊಬ್ಬರು ಬಸವೇಶ್ವರನಗರದಲ್ಲಿ ಮಗಳ ಮನೆಯಲ್ಲಿದ್ದರು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ 34 ವರ್ಷ ಫಿಟ್ಟರಾಗಿ ದುಡಿದು ನಿವೃತ್ತರಾದವರು. ತಮ್ಮ ಕಾಲದಲ್ಲಿ ಯಂತ್ರದ ಮೇಲೆ ಕೈಯಿಡದೆ, ದೂರದಿಂದ ಅದರ ಸದ್ದನ್ನು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದರೆಂದು ಅವರೊಡನೆ ದುಡಿದವರ ಮಾತು. ಆದರೆ ಯಾವ ಸದ್ದು ಅವರಿಗೆ ಅನ್ನವನ್ನೂ ಮರ್ಯಾದೆಯನ್ನೂ ಕೊಟ್ಟಿತೋ ಅದೇ ಸದ್ದು ಅವರ ಶ್ರವಣಶಕ್ತಿಯನ್ನು ತೆಗೆದುಕೊಂಡಿತು. ಯಂತ್ರಶಾಲೆಯಲ್ಲಿ ದೀರ್ಘಕಾಲ ಕಿವಿಗೆ ರಕ್ಷಣೆಯಿಲ್ಲದೆ ನಿಂತವರು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಮಾತು ಕೇಳಿಸುತ್ತದೆ, ವ್ಯಂಜನಗಳು ಕೇಳಿಸುವುದಿಲ್ಲ. ಗುಡುಗು ಕೇಳಿಸುತ್ತದೆ, ಜೀರುಂಡೆ ಕೇಳಿಸುವುದಿಲ್ಲ. ವೃದ್ಧರು ಇದನ್ನು ಮನೆಯವರಿಂದ ಮರೆಸಿಟ್ಟಿದ್ದರು. ಕಿವಿಗೆ ಯಂತ್ರ ತೊಡಿಸುವ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು.

ಅವರ ಮೊಮ್ಮಗ ಪಿ.ಯು.ಸಿ. ಓದುವ ಹುಡುಗ. ಜಕ್ಕೂರಿನಲ್ಲಿ ಎನ್.ಸಿ.ಸಿ. ವಾಯುದಳದ ಕೆಡೆಟ್ಟುಗಳು ಮಾದರಿ ವಿಮಾನಗಳನ್ನು ಹಾರಿಸುವುದನ್ನು ನೋಡಿ ಬಂದಂದಿನಿಂದ ಅವನಿಗೆ ಅದೇ ಧ್ಯಾನ. ಈಚಿನ ಹುಡುಗರಲ್ಲಿ ಬಹುಮಂದಿ ವಿದ್ಯುತ್ ಮೋಟಾರು ಮತ್ತು ಲಿಥಿಯಂ ಬ್ಯಾಟರಿಯ ವಿಮಾನಗಳನ್ನೇ ಒಲಿಯುತ್ತಾರೆ. ಗುಂಡಿಯೊತ್ತಿದರೆ ಸಾಕು, ತಿರುಗುತ್ತದೆ. ಈ ಹುಡುಗನಿಗೆ ಬೇಕಾದುದು ಇಂಧನವನ್ನು ಕುಡಿದು, ಹೊಗೆಯುಗುಳಿ ಹಾರುವ ವಿಮಾನ. ತಾತನ ಪಿಂಚಣಿಯಿಂದ ಒಂದು ಪಾಲು, ತನ್ನ ಉಳಿತಾಯದಿಂದ ಒಂದು ಪಾಲು ಸೇರಿಸಿ, ಯಾರೋ ಬಳಸಿ ಬಿಟ್ಟಿದ್ದ 6.5 ಘನ ಸೆಂಟಿಮೀಟರಿನ ಜಪಾನೀ ಎಂಜಿನ್ನೊಂದನ್ನು ಕೊಂಡನು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ತಿರುಗತೊಡಗಿತೆಂದರೆ ನಿಮಿಷಕ್ಕೆ 11,000 ಸುತ್ತು. ಪ್ರತಿ ಸುತ್ತಿಗೂ ಒಂದು ಸ್ಫೋಟವೆಂದರೆ ಸೆಕೆಂಡಿಗೆ 180ಕ್ಕೂ ಮಿಕ್ಕ ಸ್ಫೋಟಗಳು ಆ ಪುಟ್ಟ ಗೂಡಿನೊಳಗೆ.

ಈ ಎಂಜಿನ್ನುಗಳ ಒಂದು ವಿಶೇಷವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಇವುಗಳಲ್ಲಿ ಸ್ಕೂಟರಿನಲ್ಲಿರುವಂತೆ ಕಿಡಿ ಹಾರಿಸುವ ಏರ್ಪಾಡಿಲ್ಲ. ಗ್ಲೋ ಪ್ಲಗ್ ಎಂಬ ಸಣ್ಣ ಬಿರಡೆಯಲ್ಲಿ ಪ್ಲಾಟಿನಂ ಬೆರೆತ ತಂತಿಯ ಸುರುಳಿಯೊಂದಿರುತ್ತದೆ. ಆರಂಭದಲ್ಲಿ ಬ್ಯಾಟರಿ ತಗುಲಿಸಿ ಅದನ್ನು ಕೆಂಪಗೆ ಕಾಯಿಸಿ, ಎಂಜಿನ್ನು ಓಡತೊಡಗಿದ ಮೇಲೆ ಬ್ಯಾಟರಿಯನ್ನು ತೆಗೆದುಬಿಡುತ್ತಾರೆ. ಆಮೇಲೆ ದಹನದ ಬಿಸಿಯಿಂದಲೂ, ಮೆಥನಾಲಿನ ಆವಿಗೆ ಪ್ಲಾಟಿನಂ ಸೋಕಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದಲೂ ಆ ತಂತಿ ತಾನೇ ತಾನಾಗಿ ಕೆಂಪಗೆ ಉಳಿಯುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಎಂಬಾತನು ಇದನ್ನು ಬಳಕೆಗೆ ತಂದ ಮೇಲೆ ಮಾದರಿ ವಿಮಾನಗಳು ಬ್ಯಾಟರಿಯ ಹೊರೆಯಿಂದ ಬಿಡುಗಡೆ ಹೊಂದಿದವು.

ಇಂಧನದ ವಿಚಾರವೂ ಕುತೂಹಲಕರವೇ. ಮುಖ್ಯಭಾಗ ಮೆಥನಾಲ್, ಐದರಲ್ಲಿ ಒಂದು ಪಾಲಿನಷ್ಟು ಎಣ್ಣೆ, ಉಳಿದದ್ದು ಚೂರು ನೈಟ್ರೊಮೀಥೇನ್. ಆ ಎಣ್ಣೆ ಬಹುಕಾಲದಿಂದ ನಮ್ಮ ಹರಳೆಣ್ಣೆಯೇ. ಉತ್ತರ ಕರ್ನಾಟಕದವರು ಔಡಲವೆಂದೂ ಸಂಸ್ಕೃತದವರು ಏರಂಡವೆಂದೂ ಕರೆಯುವ ಈ ಗಿಡದ ಬೀಜಕ್ಕೆ ಹರಳು ಎಂಬ ಹೆಸರಿಟ್ಟ ಕನ್ನಡಿಗನು ಅದರ ಹೊಳಪನ್ನು ಕಂಡು ರತ್ನದ ಹರಳನ್ನು ನೆನೆದನೋ ಏನೋ. ಅತಿಯಾದ ಶಾಖದಲ್ಲಿಯೂ ಲೋಹಕ್ಕೆ ಅಂಟಿಕೊಂಡು ಕಾಪಾಡುವ ಗುಣ ಇದಕ್ಕಿದೆ. ಮೊದಲ ಮಹಾಯುದ್ಧದ ಸುತ್ತುವ ಎಂಜಿನ್ನಿನ ವಿಮಾನಗಳೂ ಇದನ್ನೇ ನೆಚ್ಚಿದ್ದವು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹುಟ್ಟಿದ್ದು ಇದರ ಇಂಗ್ಲಿಷ್ ಹೆಸರಿನಿಂದಲೇ. ಅಜ್ಜಿಯರು ಮೊಮ್ಮಕ್ಕಳ ನೆತ್ತಿಗೆ ತಟ್ಟಿದ ಎಣ್ಣೆ ಹೀಗೆ ಆಕಾಶಕ್ಕೂ ಏರಿತು. ಮೆಥನಾಲಿನ ಮಾತು ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಸೇರಿ 300ಕ್ಕೂ ಮಿಕ್ಕಿ ಜನರ ಪ್ರಾಣ ಹೀರಿದ್ದು ಇದೇ ದ್ರವ. ಕುಡಿದವನು ಬದುಕಿದರೂ ಕಣ್ಣು ಉಳಿಯುವ ಭರವಸೆಯಿಲ್ಲ. ಹಗಲಿನಲ್ಲಿ ಇದು ಉರಿದರೆ ಜ್ವಾಲೆ ಕಣ್ಣಿಗೆ ಬೀಳದು. ಹುಡುಗನ ತಾಯಿ ಆ ಡಬ್ಬವನ್ನು ಅಡುಗೆಮನೆಯ ದಿಕ್ಕಿಗೆ ಸುಳಿಯಗೊಡಲಿಲ್ಲ. ತಾತ ಅದರ ಮೇಲೆ ಕೆಂಪು ಬಣ್ಣದಲ್ಲಿ 'ವಿಷ' ಎಂದು ಬರೆದು ಮಹಡಿಯ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಪ್ರಕೃತಕ್ಕೆ ಬರುವುದಾದರೆ, ವಿಮಾನ ಸಿದ್ಧವಾಯಿತು. ಕೆಂಗೇರಿಯಿಂದ ಆಚೆಗೆ ಮನೆಗಳು ಮುಗಿದು ಬಯಲು ತೆರೆದುಕೊಳ್ಳುವ ಕಡೆ ಭಾನುವಾರದ ಬೆಳಗ್ಗೆ ನಾಲ್ಕಾರು ಮಂದಿ ಈ ಹವ್ಯಾಸಿಗಳು ಸೇರುತ್ತಿದ್ದರು. ಎಲ್ಲೆಂದರಲ್ಲಿ ಹಾರಿಸಲು ಈಗ ಬಾರದು; 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಕೆಂಪು, ಹಳದಿ, ಹಸುರು ವಲಯಗಳಾಗಿ ವಿಂಗಡಿಸಿವೆ, ಅದನ್ನು ನೋಡಿಕೊಂಡೇ ಹಾರಿಸಬೇಕು. ಮೊದಲ ದಿನ ಎಂಜಿನ್ನು ಎರಡನೆಯ ಸುತ್ತಿಗೇ ಹೊತ್ತಿಕೊಂಡಿತು. ಅನುಭವಿಯೊಬ್ಬರು ಹುಡುಗನ ಪಕ್ಕದಲ್ಲಿ ನಿಂತು ಹಾರಾಟ ಕಲಿಸಿದರು. ವಿಮಾನ ಓಡಿತು, ಏರಿತು, ಬಯಲನ್ನು ಏಳೆಂಟು ಬಾರಿ ಸುತ್ತಿತು. ತಾತ ಕೊಡೆಯನ್ನು ಕಣ್ಣಿಗೆ ಮರೆಮಾಡಿ ನೋಡುತ್ತಿದ್ದಂತೆಯೇ ಪ್ರೊಪೆಲ್ಲರು ನಿಂತು ಹೋಯಿತು. ಅನುಭವಿಗಳು ಯಂತ್ರವನ್ನು ತಮ್ಮ ಕೈಗೆ ತೆಗೆದುಕೊಂಡು ಗಾಳಿಗೆದುರಾಗಿ ಇಳಿಸಿದರು. ಚಕ್ರವೊಂದು ಬಾಗಿತು, ಅಷ್ಟೆ.

ಆಗ ಆರಂಭವಾಯಿತು ವೈದ್ಯೋಪಚಾರ. ಆ ಬಯಲಿನಲ್ಲಿ ನಿಂತ ಪ್ರತಿಯೊಬ್ಬನೂ ಧನ್ವಂತರಿಯೇ. ಒಬ್ಬರು ಪ್ಲಗ್ ಸೋತಿದೆ ಎಂದರು. ಇನ್ನೊಬ್ಬರು ಇಂಧನ ಹಳತಾಗಿ ನೀರು ಹೀರಿದೆ ಎಂದರು. ಮೂರನೆಯವರು ನೀಡಲ್ ಬಿಗಿಯಾಯಿತೆಂದರು. ಇವುಗಳಲ್ಲಿ ಯಾವುದೂ ಅಸಂಬದ್ಧವಲ್ಲ. ಪ್ಲಗ್ಗಿನ ತಂತಿ ದುರ್ಬಲವಾದರೆ ಬ್ಯಾಟರಿ ತೆಗೆದೊಡನೆ ಓಟ ಕುಗ್ಗುತ್ತದೆ. ಮೆಥನಾಲಿಗೆ ಗಾಳಿಯ ತೇವವನ್ನು ಹೀರುವ ಚಟವಿರುವುದು ನಿಜ; ಮುಚ್ಚಳ ಸಡಿಲ ಬಿಟ್ಟ ಡಬ್ಬದ ಇಂಧನ ಮಳೆಗಾಲ ಕಳೆದ ಮೇಲೆ ನಂಬಿಕೆಗೆ ಯೋಗ್ಯವಲ್ಲ. ನೀಡಲ್ಲಿನ ವಿಷಯದಲ್ಲಂತೂ ಬೆಂಗಳೂರಿಗೇ ವಿಶಿಷ್ಟವಾದ ಒಂದು ತೊಡಕಿದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ ಎಂಟೊಂಬತ್ತರಷ್ಟು ತೆಳು. ಗಾಳಿ ತೆಳುವಾದರೆ ಅದಕ್ಕೆ ತಕ್ಕಂತೆ ಇಂಧನವನ್ನೂ ಕಡಿಮೆ ಮಾಡಬೇಕಾಗಿ, ಇಲ್ಲಿ ನೀಡಲ್ಲನ್ನು ಕೊಂಚ ಹೆಚ್ಚು ಮುಚ್ಚುತ್ತಾರೆ. ಮುಚ್ಚುವ ಕೈ ಮಿತಿಮೀರಿದರೆ ಎಂಜಿನ್ನಿಗೆ ಹಸಿವು.

ದೋಷ ಯಾವುದೆಂಬುದಲ್ಲ, ಚಿಕಿತ್ಸೆಗೆ ಮುನ್ನ ನಿದಾನ ನಡೆಯದಿದ್ದುದೇ ಇಲ್ಲಿನ ಕೊರತೆ. ಆಯುರ್ವೇದದಲ್ಲಿ ರೋಗದ ಮೂಲವನ್ನು ಅರಸುವ ಭಾಗಕ್ಕೆ ನಿದಾನವೆಂದು ಹೆಸರು. ಕನ್ನಡದ ನಿಧಾನಕ್ಕೂ ಅದಕ್ಕೂ ಒಂದು ಮಹಾಪ್ರಾಣದ ಅಂತರ. ಹುಡುಗರು ಉತ್ತರಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಮಾಡುತ್ತಾರೆ, ಆ ತಪ್ಪಿನಲ್ಲಿ ಸ್ವಲ್ಪ ವಿವೇಕವೂ ಇಲ್ಲದಿಲ್ಲ. ಬಯಲಿನ ವೈದ್ಯರಿಗೆ ಮಾತ್ರ ಎರಡೂ ಬೇಕಿರಲಿಲ್ಲ. ಪ್ಲಗ್ ಬದಲಾಯಿತು. ಹೊಸ ಡಬ್ಬ ಒಡೆದರು. ವಿಮಾನ ಮತ್ತೆ ಏರಿತು, ಮತ್ತೆ ನಿಂತಿತು. ಈ ಬಾರಿ ರೆಕ್ಕೆಯ ತುದಿ ಮುರಿಯಿತು.

ತಾತನಿಗೆ ಯಂತ್ರಶಾಲೆಯ ಒಂದು ಅಭ್ಯಾಸ ಉಳಿದುಬಂದಿತ್ತು: ಜೇಬಿನಲ್ಲಿ ಪುಸ್ತಕ, ಕೈಗಡಿಯಾರದ ಮೇಲೆ ಕಣ್ಣು. ಮೊದಲ ಹಾರಾಟದಲ್ಲಿ ಎಂಜಿನ್ನು ನಿಂತದ್ದು 4 ನಿಮಿಷ 50 ಸೆಕೆಂಡಿಗೆ. ಎರಡನೆಯದರಲ್ಲಿ 4 ನಿಮಿಷ 40ಕ್ಕೆ. ಟ್ಯಾಂಕಿನಲ್ಲಿ ಹಿಡಿಯುವುದು 240 ಮಿಲಿಲೀಟರ್. ಅದು ಒಂಬತ್ತು ನಿಮಿಷಕ್ಕೆ ಕಡಮೆಯಿಲ್ಲದೆ ಸಾಗಬೇಕಾದ ಲೆಕ್ಕ. ಇಳಿದ ಮೇಲೆ ನೋಡಿದರೆ ಅರ್ಧ ಟ್ಯಾಂಕು ಹಾಗೆಯೇ ಇತ್ತು. ಇದನ್ನು ಅವರು ಬರೆದುಕೊಂಡರೇ ಹೊರತು ಯಾರಿಗೂ ಹೇಳಲಿಲ್ಲ.

ಮೂರನೆಯ ಭಾನುವಾರ ನೀಡಲ್ಲನ್ನು ಧಾರಾಳವಾಗಿ ತೆರೆದು, ಎಂಜಿನ್ನು ನೆಲದ ಮೇಲೆ ಗೊರಗೊರ ಎನ್ನುವಷ್ಟು ಇಂಧನ ಕೊಟ್ಟು ಹಾರಿಸಿದರು. ಮೂರೂವರೆ ನಿಮಿಷದ ಸುಮಾರಿಗೆ ಹುಡುಗ ಮೂತಿಯನ್ನು ಎತ್ತಿ ಎತ್ತರಕ್ಕೆ ಏರಿಸಹೊರಟನು. ಅಲ್ಲಿಯೇ ನಿಂತಿತು. ಏರುತ್ತಿದ್ದ ವಿಮಾನಕ್ಕೆ ವೇಗವಿರಲಿಲ್ಲ. ಹುಡುಗನು ಗಾಬರಿಯಿಂದ ಅದನ್ನು ತನ್ನ ಕಡೆಗೆ ತಿರುಗಿಸಲು ನೋಡಿದನು. ಎಂಜಿನ್ನು ನಿಂತಾಗ ಮೊದಲು ಮೂತಿಯನ್ನು ತಗ್ಗಿಸಬೇಕು, ಎತ್ತರ ಸಾಲದಿದ್ದರೆ ಹಿಂದಿರುಗುವ ಆಸೆ ಬಿಟ್ಟು ನೇರವಾಗಿ ಮುಂದೆಯೇ ಇಳಿಯಬೇಕು. ದೊಡ್ಡ ವಿಮಾನದ ಚಾಲಕರಿಗೆ ಕಲಿಸುವ ಈ ಪಾಠ ಹದಿನೇಳರ ಕೈಗೆ ಆ ಕ್ಷಣದಲ್ಲಿ ಒದಗಲಿಲ್ಲ. ಒಂದು ರೆಕ್ಕೆ ಕುಸಿದು ವಿಮಾನ ಬದಿಗೆ ಜಾರಿ, ಬಯಲಿನ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿನಿಂದ ಹತ್ತು ಹೆಜ್ಜೆ ಆಚೆಗೆ ಬಿದ್ದಿತು. ಆಕೆಯ ಪಕ್ಕದಲ್ಲಿ ಗೋಣಿಚೀಲದ ಮೇಲೆ ಮಗುವೊಂದು ಕುಳಿತಿತ್ತು.

ಆಕೆ ಬೈಯಲಿಲ್ಲ. ಮಗುವನ್ನು ಎತ್ತಿ ಕಂಕುಳಿಗೇರಿಸಿಕೊಂಡು, ಓಡಿಬಂದ ಹುಡುಗನನ್ನೂ ಬಿದ್ದ ವಿಮಾನವನ್ನೂ ಒಮ್ಮೆ ನೋಡಿ, ಕುಡುಗೋಲು ಹಿಡಿದು ಆಚೆಯ ಬದುವಿಗೆ ಹೋದಳು. ಹಿಂದಿನಿಂದ ಬಂದ ತಾತ ಅವಳಲ್ಲಿ ಕ್ಷಮೆ ಬೇಡಿದರು. ಆ ಬಳಿಕ ವಿಮಾನದ ಚೂರುಗಳನ್ನು ಆಯ್ದು ಚೀಲಕ್ಕೆ ತುಂಬಿ, ಯಾಕೆ ನಿಲ್ಲುತ್ತದೆಂದು ತಿಳಿಯುವವರೆಗೆ ಇದು ನೆಲ ಬಿಡಕೂಡದು ಎಂದು ಹೇಳಿದರು. ಮನೆಯಲ್ಲಿ ಸುದ್ದಿ ತಿಳಿದು ಹುಡುಗನ ತಂದೆ ಎಂಜಿನ್ನನ್ನು ಮಾರಿಬಿಡುವಂತೆ ಆಜ್ಞಾಪಿಸಿದರು. ತಾತ ಹದಿನೈದು ದಿನದ ಅವಧಿ ಕೇಳಿಕೊಂಡರು. ಅಳಿಯನಲ್ಲಿ ಅವರು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು.

ಆ ರಾತ್ರಿ ಮಹಡಿಯ ಮೇಲೆ ವಿಚಾರಣೆ ನಡೆಯಿತು.

"ನಿಲ್ಲೋದಕ್ಕೆ ಮುಂಚೆ ಸ್ವರ ಏರಿತೇನಪ್ಪಾ, ಇಳೀತೇನಪ್ಪಾ?"

"ನಿಮಗೆ ಕೇಳಿಸಲಿಲ್ವಾ ತಾತ? ಅಲ್ಲೇ ನಿಂತಿದ್ರಲ್ಲ."

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ ಕಣೋ. ನನಗೆ ಓಡೋದು ಗೊತ್ತಾಗುತ್ತೆ, ನಿಂತದ್ದು ಗೊತ್ತಾಗುತ್ತೆ. ನಡುವೆ ಆಗೋದು ಈಗ ಕೇಳೋಲ್ಲ. ನೀನು ಹೇಳಬೇಕು."

ಮಗಳಿಗೂ ಅಳಿಯನಿಗೂ ವರ್ಷಗಳಿಂದ ಒಪ್ಪದೆ ಇದ್ದುದನ್ನು ಅವರು ಹುಡುಗನ ಮುಂದೆ ಒಪ್ಪಿಕೊಂಡದ್ದು ಹೀಗೆ. ಹುಡುಗ ಆ ಮಾತಿನ ತೂಕವನ್ನು ಅರಿತನೋ ಇಲ್ಲವೋ, ಕಣ್ಣು ಮುಚ್ಚಿ ನೆನೆದು ಉತ್ತರ ಕೊಟ್ಟನು: "ಏರಿತು ತಾತ. ಮೂರು ಸಲಾನೂ. ಗುಂಯ್ ಅಂತಿದ್ದದ್ದು ಒಂದು ಕ್ಷಣ ಗೀಂ ಅಂತ ಸಣ್ಣಗಾಯ್ತು. ಆಮೇಲೆ ಕತ್ತರಿಸಿದ ಹಾಗೆ ನಿಂತುಹೋಯ್ತು. ಹೊಗೆನೂ ಮೊದಲೇ ಕಡಿಮೆ ಆಗಿತ್ತು."

ಸದ್ದನ್ನು ಹೇಳುವುದರಲ್ಲಿ ಕನ್ನಡಕ್ಕಿರುವ ಸೌಭಾಗ್ಯ ಸಣ್ಣದಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳಿಗೆ ಅವ್ಯಯಗಳ ನಡುವೆ ಸ್ಥಾನ ಕೊಟ್ಟಿದ್ದಾನೆ. ಗುಂಯ್ ಎಂಬುದಕ್ಕೂ ಗೀಂ ಎಂಬುದಕ್ಕೂ ಇರುವ ಅಂತರ ಆ ರಾತ್ರಿ ರೋಗಲಕ್ಷಣವೇ ಆಯಿತು. ಗಾಳಿಯ ಪಾಲಿಗಿಂತ ಇಂಧನ ಹೆಚ್ಚಾದರೆ ಎಂಜಿನ್ನು ಕೆಮ್ಮುತ್ತದೆ, ಗೊರಗುಟ್ಟುತ್ತದೆ, ಬಿಳಿಹೊಗೆ ಕಾರುತ್ತ ಮೆಲ್ಲನೆ ಸೋಲುತ್ತದೆ. ಇಂಧನ ಕಡಮೆಯಾದರೆ ಮೊದಲು ವೇಗವೇರಿ ಸ್ವರ ತೀಕ್ಷ್ಣವಾಗುತ್ತದೆ, ಹೊಗೆ ತೆಳುವಾಗುತ್ತದೆ, ಅನಂತರ ಹಠಾತ್ತನೆ ಉಸಿರು ನಿಲ್ಲುತ್ತದೆ. ಪ್ಲಗ್ಗಿನ ತಂತಿ ಹರಿದಿದ್ದರೆ ಸ್ವರ ಏರದೆಯೇ ನಿಲ್ಲುತ್ತಿತ್ತು. ಆದ್ದರಿಂದ ಪ್ಲಗ್ ನಿರಪರಾಧಿ. ಇದು ಹಸಿವಿನ ಸಾವು; ಅರ್ಧ ಟ್ಯಾಂಕು ಅನ್ನವನ್ನು ಮುಂದಿಟ್ಟುಕೊಂಡು ಬಂದ ಹಸಿವು.

ಹಸಿವಿಗೆ ಕಾರಣಗಳು ಅನೇಕ. ಟ್ಯಾಂಕಿನ ನಡುಮಟ್ಟ ನೀಡಲ್ಲಿನ ಮಟ್ಟಕ್ಕೆ ಸಮನಾಗಿ ಅಥವಾ ತುಸು ಕೆಳಗೆ ಇರಬೇಕು. ಬಹಳ ಕೆಳಗಾದರೆ ಇಂಧನ ಏರಲಾರದು. ಎಂಜಿನ್ನಿನ ನಡುಕದಿಂದ ಟ್ಯಾಂಕಿನೊಳಗಿನ ದ್ರವ ಮಜ್ಜಿಗೆಯಂತೆ ನೊರೆಗಟ್ಟಿದರೆ ಇಂಧನದ ಬದಲು ಗುಳ್ಳೆ ಹೋಗುತ್ತದೆ; ಅದಕ್ಕಾಗಿ ಟ್ಯಾಂಕಿಗೆ ಸ್ಪಂಜು ಸುತ್ತುತ್ತಾರೆ. ಜರಡಿಯಲ್ಲಿ ಬಟ್ಟೆಯ ನೂಲೊಂದು ಸಿಕ್ಕಿದರೂ ಸಾಕು. ತಂತಿ ಹಿಡಿದು ಸುತ್ತಲೂ ಹಾರಿಸುವ ಮಾದರಿಗಳಲ್ಲಿ ಇಂಧನವೆಲ್ಲ ಹೊರಬದಿಗೆ ತಳ್ಳಲ್ಪಡುವುದರಿಂದ ಅಲ್ಲಿನ ಟ್ಯಾಂಕಿನ ಆಕಾರವೇ ಬೇರೆ. ತಾತ ಮೊಮ್ಮಗ ಇಬ್ಬರೂ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಮಟ್ಟ ಸರಿಯಾಗಿತ್ತು, ಸ್ಪಂಜು ಇತ್ತು, ಜರಡಿ ಶುದ್ಧ. ಹೊರಗಿನ ಸಿಲಿಕೋನ್ ಕೊಳವೆಗಳನ್ನು ಬದಲಾಯಿಸಿದರು. ಎಂಜಿನ್ನಿನ ಹಿಂಬದಿಯ ತಿರುಪುಗಳನ್ನು ಬಿಗಿದರು. ಟ್ಯಾಂಕನ್ನು ನೀರಿನ ಬಕೇಟಿನಲ್ಲಿ ಮುಳುಗಿಸಿ, ಒಂದು ಕೊಳವೆ ಮುಚ್ಚಿ ಇನ್ನೊಂದರಿಂದ ಊದಿದರು. ಒಂದು ಗುಳ್ಳೆಯೂ ಬರಲಿಲ್ಲ. ಈ ಪರೀಕ್ಷೆಯೇ ಅವರನ್ನು ಒಂದು ವಾರ ದಾರಿ ತಪ್ಪಿಸಿತು.

ಹತ್ತನೆಯ ದಿನ, ರೆಕ್ಕೆಯಿಲ್ಲದ ವಿಮಾನವನ್ನು ಬಯಲಿಗೆ ಒಯ್ದು ಮರದ ಪೀಠಕ್ಕೆ ಬಿಗಿಯಾಗಿ ಕಟ್ಟಿದರು. ಅದುವರೆಗಿನ ನೆಲದ ಪರೀಕ್ಷೆಗಳೆಲ್ಲ ಒಂದೆರಡು ನಿಮಿಷದವು, ಅದೂ ತುಂಬಿದ ಟ್ಯಾಂಕಿನಲ್ಲಿ. ಈಗ ತಾತ ಹಾಕಿದ ಕಟ್ಟಳೆ, ಟ್ಯಾಂಕು ಬರಿದಾಗುವವರೆಗೆ ಓಡಲಿ ಎಂದು. ಪ್ರೊಪೆಲ್ಲರಿನ ಬದಿಗೆ ಯಾರೂ ಸುಳಿಯದಂತೆ ನೋಡಿಕೊಂಡು, ಹುಡುಗನು ಹಿಂದೆ ಕುಳಿತು ಕಿವಿಗೊಟ್ಟನು. ಕೇಳಲಾರದ ತಾತ ಕನ್ನಡಕ ಒರೆಸಿಕೊಂಡು ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪಾರದರ್ಶಕ ಕೊಳವೆಯ ಮೇಲೆ ಕಣ್ಣಿಟ್ಟರು. ನಾಲ್ಕು ನಿಮಿಷ ಏನೂ ಇಲ್ಲ. ಹುಡುಗನು ಕೈಯೆತ್ತಿ "ಏರ್ತಿದೆ!" ಎಂದು ಕೂಗಿದ ಹೊತ್ತಿಗೂ, ತಾತನ ಕಣ್ಣಮುಂದೆ ಕೊಳವೆಯಲ್ಲಿ ಸಾಸಿವೆಯ ಗಾತ್ರದ ಗುಳ್ಳೆಗಳ ಸಾಲು ಹರಿಯತೊಡಗಿದ ಹೊತ್ತಿಗೂ ವ್ಯತ್ಯಾಸವಿರಲಿಲ್ಲ.

ಎಂಜಿನ್ನು ನಿಲ್ಲುವ ಮೊದಲೇ ತಾತ ಪೀಠದ ಹಿಂಭಾಗವನ್ನು ಮೇಲೆತ್ತಿದರು. ಮೂತಿ ತಗ್ಗಿತು, ಗುಳ್ಳೆಗಳು ಮಾಯವಾದವು, ಓಟ ಚೇತರಿಸಿಕೊಂಡಿತು. ಹಿಂಭಾಗವನ್ನು ಇಳಿಸಿ ಮೂತಿಯೆತ್ತಿದರು. ಗುಳ್ಳೆ ತುಂಬಿ ಎಂಜಿನ್ನು ನಿಂತೇ ಹೋಯಿತು. ವೃದ್ಧರು ಪೀಠವನ್ನು ಕೆಳಗಿಟ್ಟು ನಗತೊಡಗಿದರು.

ಅವರು ನಕ್ಕ ಕಾರಣ ಇಷ್ಟೆ. ಮಾದರಿ ವಿಮಾನದ ಟ್ಯಾಂಕಿನ ಒಳಗೆ, ಮುಂಬಿರಡೆಯ ನಡುವಿನಿಂದ ತೂರಿಬಂದ ಹಿತ್ತಾಳೆಯ ಕೊಳವೆಯೊಂದು ಇರುತ್ತದೆ; ಅದರ ತುದಿಗೆ ಮೆತ್ತನೆಯ ಸಿಲಿಕೋನ್ ಕೊಳವೆ; ಅದರ ಹಿಂತುದಿಗೆ ಲೋಹದ ಪುಟ್ಟ ಗುಂಡು. ವಿಮಾನ ಹೇಗೆ ಹೊರಳಿದರೂ ಗುಂಡು ಇಂಧನವಿರುವ ಕಡೆಗೇ ಬಿದ್ದು ಅಲ್ಲಿಂದ ಹೀರುತ್ತದೆ. ಮೂತಿಯೆತ್ತಿದಾಗ ಉಳಿದ ಇಂಧನವೆಲ್ಲ ಹಿಂದಕ್ಕೆ, ಗುಂಡಿರುವ ಕಡೆಗೇ ಹರಿಯುವುದರಿಂದ ಗುಂಡಿನ ಬಾಯಿಗೆ ಗಾಳಿ ಸಿಕ್ಕುವ ಸಂಭವವೇ ಇಲ್ಲ. ಆದರೂ ಗಾಳಿ ಬಂದಿತು. ಹೊರಗಿನ ಕೊಳವೆಗಳು ಹೊಸವು. ಎಂದಮೇಲೆ ಗಾಳಿ ಹೊಗುವ ದ್ವಾರ ಟ್ಯಾಂಕಿನ ಒಳಗೇ, ಅದೂ ಮುಂಭಾಗದಲ್ಲಿ, ನಡುಮಟ್ಟದಲ್ಲಿ ಇರಬೇಕು. ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿರುವಷ್ಟು ಕಾಲ ಆ ದ್ವಾರವು ಇಂಧನದಲ್ಲಿ ಮುಳುಗಿ, ಅದೂ ಇಂಧನವನ್ನೇ ಹೀರುತ್ತದೆ, ಯಾರಿಗೂ ತಿಳಿಯದು. ಅರ್ಧ ಇಳಿದೊಡನೆ ಅದು ಹೊರಬಿದ್ದು, ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡ ಕೊಡಲು ಬಿಟ್ಟ ಹೊಗೆಯನ್ನೇ ಎಂಜಿನ್ನಿಗೆ ಉಣಿಸುತ್ತದೆ. ಏರುವ ವಿಮಾನದಲ್ಲಿ ಮುಂಭಾಗ ಬೇಗ ಬರಿದಾಗುವುದರಿಂದ ಮೂರನೆಯ ಸಲ ಮೂರೂವರೆ ನಿಮಿಷಕ್ಕೇ ನಿಂತಿತು. ನೀಡಲ್ಲು ಧಾರಾಳವಾಗಿ ತೆರೆದಿದ್ದುದೂ ಅರ್ಧ ಟ್ಯಾಂಕನ್ನು ಬೇಗ ಮುಗಿಸಿತ್ತು. ಬಕೇಟಿನ ಪರೀಕ್ಷೆ ಟ್ಯಾಂಕಿನಿಂದ ಹೊರಕ್ಕೆ ಸೋರುವುದನ್ನು ಹೇಳೀತೇ ಹೊರತು, ಒಳಗಿನಿಂದ ಒಳಗಿಗೇ ಸೋರುವುದನ್ನು ಹೇಗೆ ಹೇಳೀತು?

ಬಿರಡೆ ಬಿಚ್ಚಿ ಒಳಕೊಳವೆಯನ್ನು ಹೊರಗೆಳೆದರು. ಹಿತ್ತಾಳೆಯ ತುದಿಗೆ ಅದು ಹೊಂದಿಕೊಳ್ಳುವೆಡೆಯಲ್ಲಿ ಕೂದಲೆಳೆಯಂತಹ ಸೀಳು. ಬೆರಳಿನಿಂದ ಬಾಗಿಸಿದರೆ ಮಾತ್ರ ಬಾಯಿ ತೆರೆಯುತ್ತಿತ್ತು. ತಾತ ಹಿತ್ತಾಳೆಯ ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಕತ್ತರಿಸಿದ ಅಂಚು ಹಾಗೆಯೇ ಇತ್ತು, ಬರ್ ತೆಗೆದಿರಲಿಲ್ಲ. ಲೋಹವನ್ನು ಕತ್ತರಿಸಿದೆಡೆ ಉಳಿಯುವ ಆ ಹರಿತವಾದ ಚುಂಗನ್ನು ಅರದಿಂದ ಉಜ್ಜಿ ತೆಗೆಯಬೇಕೆಂಬುದು ಫಿಟ್ಟರನ ಮೊದಲ ತಿಂಗಳ ಪಾಠ. 34 ವರ್ಷ ಅವರು ಹೊಸಬರಿಗೆ ಹೇಳಿಕೊಟ್ಟ ಪಾಠವೂ ಅದೇ. ಎಂಜಿನ್ನಿನ ಪ್ರತಿ ನಡುಕಕ್ಕೂ ಆ ಚುಂಗು ಸಿಲಿಕೋನನ್ನು ಎಳೆಯೆಳೆಯಾಗಿ ಕೊಯ್ದಿತ್ತು.

ಕೊಳವೆಯನ್ನು ಅಳತೆಗೆ ಕತ್ತರಿಸಿದವನು ಹುಡುಗ. ರಾತ್ರಿ ಹತ್ತು ಗಂಟೆಯ ಮೇಲೆ, ನಾಳೆಯೇ ಹಾರಿಸುವ ಆತುರದಲ್ಲಿ, ಇಕ್ಕಳದಿಂದ. ಅವನ ಮುಖ ಕೆಂಪಾಯಿತು. ಬದುವಿನ ಕಡೆಗೆ ಒಮ್ಮೆ ನೋಡಿದನು. ಅಲ್ಲಿ ಆ ದಿನ ಯಾರೂ ಇರಲಿಲ್ಲ. ತಾತ ಏನೊಂದೂ ಕೇಳಲಿಲ್ಲ. "ಸಣ್ಣ ಅರ ಕೊಡಪ್ಪಾ" ಎಂದು ಕೈಚಾಚಿದರು.

ಹೊಸ ಸಿಲಿಕೋನ್ ಕೊಳವೆ ತೊಡಿಸಿದ ಮೇಲೆ ಎಂಜಿನ್ನು ಪೀಠದ ಮೇಲೆ 9 ನಿಮಿಷ 20 ಸೆಕೆಂಡು ಓಡಿತು. ಕೊನೆಯ ಹನಿಯವರೆಗೆ ಕೊಳವೆಯಲ್ಲಿ ಗುಳ್ಳೆ ಕಾಣಲಿಲ್ಲ. ಬರಿದಾಗುವ ಮುನ್ನ ಸ್ವರ ಏರಿತೇ ಎಂದು ತಾತ ಕೇಳಿದರು. ಏರಿತೆಂದು ಹುಡುಗ ಹೇಳಿದನು. ಅದು ನ್ಯಾಯವಾದ ಹಸಿವು, ಸರಿ, ಎಂದು ಬರೆದುಕೊಂಡರು. ರೆಕ್ಕೆಯನ್ನು ಸರಿಪಡಿಸಲು ಮತ್ತೊಂದು ವಾರ ಹಿಡಿಯಿತು. ಅವಧಿಗೆ ಎರಡು ದಿನ ಮೀರಿದ್ದರೂ ಹುಡುಗನ ತಂದೆ ಅದನ್ನು ಎತ್ತಿ ಆಡಲಿಲ್ಲ. ಆ ಭಾನುವಾರ ತಾವೂ ಬಯಲಿಗೆ ಬಂದು, ಬದುವಿನ ಕಡೆ ಜನರಿದ್ದಾರೆಯೇ ಎಂದು ನೋಡಿಬರುವ ಕೆಲಸವನ್ನು ವಹಿಸಿಕೊಂಡರು. ವಿಮಾನ ಎಂಟು ನಿಮಿಷ ಹಾರಿ, ಎಂಜಿನ್ನು ಮೆಲ್ಲಗೆ ಓಡುತ್ತಿರುವಂತೆಯೇ ಇಳಿಯಿತು.

ಅದರ ಮುಂದಿನ ತಿಂಗಳು ವೃದ್ಧರು ಮಗಳೊಡನೆ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದರು. ಮೊದಲ ದಿನ ಅಡುಗೆಮನೆಯ ಪಾತ್ರೆಗಳ ಸದ್ದನ್ನು ತಾಳಲಾರದೆ ತೆಗೆದಿಟ್ಟರು. ಬಯಲಿಗೆ ಹೋಗುವಾಗ ಮಾತ್ರ ಮರೆಯದೆ ತೊಡುತ್ತಿದ್ದರು. ಮಹಡಿಯ ಪೆಟ್ಟಿಗೆಯಲ್ಲಿದ್ದ ಮಿಕ್ಕ ಹಿತ್ತಾಳೆಯ ಕೊಳವೆಗಳನ್ನೆಲ್ಲ ಹುಡುಗನು ಒಂದು ಸಂಜೆ ಹರವಿಕೊಂಡು ಕುಳಿತು, ಒಂದೊಂದರ ತುದಿಯನ್ನೂ ಅರದಿಂದ ಉಜ್ಜಿ, ಹೆಬ್ಬೆರಳಿನಿಂದ ಸವರಿ ನೋಡಿ, ಆ ಬಳಿಕ ತಾತನ ಕೈಗೆ ಕೊಡುತ್ತಿದ್ದನು. ತಾತ ಅದನ್ನು ಇನ್ನೊಮ್ಮೆ ಸವರಿ ನೋಡಿ ಪೆಟ್ಟಿಗೆಗೆ ಹಾಕುತ್ತಿದ್ದರು. ಎರಡನ್ನು ಹಿಂದಕ್ಕೆ ಕೊಟ್ಟರು.